ಸುಲೋಚನಾ, ನರಸಿಂಹ, ಕಾಂತಾರ: ನಮ್ಮ ಮನೆಯ ತೀರ್ಪು

2025ರ ಜುಲೈ 25ರಂದು ಎರಡು ಸಿನಿಮಾ ಒಂದೇ ದಿನ ಬಿಡುಗಡೆಯಾದವು. ಒಂದು ದೆವ್ವದ ಕಾಮಿಡಿ ‘ಸು ಫ್ರಮ್ ಸೋ’, ಇನ್ನೊಂದು ‘ಮಹಾವತಾರ ನರಸಿಂಹ’. ಒಂದರಲ್ಲಿ ದೊಡ್ಡ ಹೀರೋ ಇಲ್ಲ, ಇನ್ನೊಂದರಲ್ಲಿ ಮನುಷ್ಯರೇ ಇಲ್ಲ, ಪೂರ್ತಿ ಅನಿಮೇಷನ್. ಆಗಸ್ಟ್ ಬರುವ ಹೊತ್ತಿಗೆ ಶಾಲೆ ಗೇಟಿನ ಮುಂದೆ, ಅಪ್ಪ ಅಮ್ಮಂದಿರ ವಾಟ್ಸಾಪ್ ಗುಂಪಿನಲ್ಲಿ ಒಂದೇ ಪ್ರಶ್ನೆ: ಮಕ್ಕಳನ್ನು ಯಾವುದಕ್ಕೆ ಕರ್ಕೊಂಡು ಹೋಗೋದು? ನರಸಿಂಹ ಅಂದರೆ ಕಣ್ಣು ಮುಚ್ಚಿ ಹೋಗಬಹುದು, ದೆವ್ವದ ಸಿನಿಮಾಗೆ ಮಕ್ಕಳು ಬೇಡ ಅಂತ ಬಹಳ ಜನ ಬರೆದಿದ್ದರು. ನಾವು ಎರಡನ್ನೂ ನೋಡಿದೆವು. ಅಕ್ಟೋಬರ್‌ನಲ್ಲಿ ‘ಕಾಂತಾರ ಚಾಪ್ಟರ್ 1’ ಕೂಡ ಆಯಿತು. ನಮ್ಮ ಮನೆಯಲ್ಲಿ ನಡೆದದ್ದು ಆ ಗುಂಪಿನ ಮಾತಿಗೆ ಪೂರಾ ಉಲ್ಟಾ.

ನಮ್ಮದು ಮೈಸೂರು. ಮಗಳಿಗೆ ಏಳು ವರ್ಷ, ಮಗನಿಗೆ ಹದಿಮೂರು, ಅತ್ತೆಗೆ ಎಪ್ಪತ್ತು ದಾಟಿದೆ. ಈ ಮೂವರನ್ನೂ ಎರಡೂವರೆ ಗಂಟೆ ಒಂದೇ ಸಾಲಿನಲ್ಲಿ ಕೂರಿಸುವುದೇ ಒಂದು ಸಾಹಸ. ನಮ್ಮನೆಯವರಿಗೆ ಯಾವ ಸಿನಿಮಾ ಆದರೂ ನಡೆಯುತ್ತದೆ, ಎಸಿ ಇದ್ದರೆ ಸಾಕು. ಹಾಗಾಗಿ ಅವರ ಓಟು ಲೆಕ್ಕಕ್ಕಿಲ್ಲ.

ಮೊದಲು ನರಸಿಂಹ. ಅಶ್ವಿನ್ ಕುಮಾರ್ ನಿರ್ದೇಶನ, ಕ್ಲೀಂ ಪ್ರೊಡಕ್ಷನ್ಸ್‌ನವರು ಮಾಡಿದ್ದು, ನಮ್ಮ ಹೊಂಬಾಳೆಯವರು ಅರ್ಪಿಸಿದ್ದು. ಕನ್ನಡದಲ್ಲೂ ಬಂತು, ತ್ರೀಡಿಯಲ್ಲೂ ಬಂತು. ಮಗಳು ತ್ರೀಡಿಯೇ ಬೇಕು ಅಂತ ಹಟ ಹಿಡಿದಳು. ಆ ಕನ್ನಡಕ ದೊಡ್ಡವರ ಅಳತೆಯದು. ಏಳು ವರ್ಷದ ಮೂಗಿನ ಮೇಲೆ ಅದು ನಿಲ್ಲುವುದೇ ಇಲ್ಲ. ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡೇ ಸಿನಿಮಾ ನೋಡಿದಳು. ಕೈ ಖಾಲಿ ಇಲ್ಲದ್ದರಿಂದ ಪಾಪ್‌ಕಾರ್ನ್ ನಾನು ಬಾಯಿಗೆ ಹಾಕಬೇಕಾಯಿತು. ಚಿಕ್ಕ ಮಕ್ಕಳಿದ್ದವರು ಟುಡಿ ಷೋಗೇ ಹೋಗಿ, ದುಡ್ಡೂ ಉಳಿಯುತ್ತದೆ.

ಕಥೆ ಎಲ್ಲರಿಗೂ ಗೊತ್ತಿರುವುದೇ. ದಿತಿ, ಕಶ್ಯಪರಿಂದ ಶುರುವಾಗುತ್ತದೆ. ಹಿರಣ್ಯಾಕ್ಷ ಭೂಮಿಯನ್ನು ಎತ್ತಿಕೊಂಡು ಹೋಗುವುದು, ವರಾಹ ಬಂದು ಅವನ ಜೊತೆ ಹೋರಾಡುವುದು, ಆಮೇಲೆ ಅಣ್ಣನ ಸೇಡು, ಪ್ರಹ್ಲಾದ. ವರಾಹನ ಭಾಗ ಮಗಳಿಗೆ ತುಂಬಾ ಇಷ್ಟವಾಯಿತು. ನನಗೂ ಅಷ್ಟೇ. ನೀರು, ಕೆಸರು, ಆ ದೇಹದ ತೂಕ, ಎಲ್ಲ ಚೆನ್ನಾಗಿ ಬಂದಿದೆ. ಆದರೆ ಸುಮ್ನೆ ನಿಂತು ಮಾತಾಡುವ ದೃಶ್ಯಗಳಲ್ಲಿ ಮುಖಗಳು ಬೊಂಬೆಗಳ ಥರ ಕಾಣುತ್ತವೆ. ತುಟಿ ಒಂದು ಕಡೆ, ಮಾತು ಒಂದು ಕಡೆ. ಮಕ್ಕಳಿಗೆ ಅದು ಗೊತ್ತಾಗುವುದಿಲ್ಲ, ನಮಗೆ ಗೊತ್ತಾಗುತ್ತದೆ.

ಹಿರಣ್ಯಕಶಿಪು ವರ ಕೇಳುವಾಗ ಅತ್ತೆ ಪಿಸುಗುಟ್ಟಲು ಶುರು ಮಾಡಿದರು. ‘ಒಳಗೂ ಅಲ್ಲ, ಹೊರಗೂ ಅಲ್ಲ, ಹೊಸ್ತಿಲ ಮೇಲೆ ಕೂತ್ಕೋತಾನೆ ನೋಡು. ಹಗಲೂ ಅಲ್ಲ, ರಾತ್ರಿಯೂ ಅಲ್ಲ, ಮುಸ್ಸಂಜೆ. ಆಯುಧ ಬೇಡ, ಉಗುರೇ ಸಾಕು.’ ಹಿಂದಿನ ಸಾಲಿನ ಹುಡುಗ ‘ಅಜ್ಜಿ, ಸಸ್ಪೆನ್ಸ್ ಹಾಳು ಮಾಡ್ಬೇಡಿ’ ಅಂದ. ಪ್ರಹ್ಲಾದನ ಕಥೆಯಲ್ಲಿ ಎಂಥ ಸಸ್ಪೆನ್ಸ್ ಅಂತ ಅತ್ತೆಗೆ ಅರ್ಥವೇ ಆಗಲಿಲ್ಲ.

ಕಂಬ ಒಡೆಯುವವರೆಗೂ ಎಲ್ಲ ಸರಿ ಇತ್ತು. ಅಲ್ಲಿಂದ ಮುಂದೆ ನರಸಿಂಹನ ಯುದ್ಧ ಬಹಳ ಹೊತ್ತು ನಡೆಯುತ್ತದೆ. ಹಾರಿ ಹಾರಿ ಬೀಳುವ ರಾಕ್ಷಸರು, ಕಿವಿ ಒಡೆಯುವ ಘರ್ಜನೆ, ಕೊನೆಗೆ ಆ ಉಗುರು, ಆ ಕರುಳು. ದೊಡ್ಡವರಿಗೆ ರೋಮಾಂಚನ, ಒಪ್ಪುತ್ತೇನೆ. ಸುತ್ತ ಇದ್ದವರು ಕೈಮುಗಿದು ಕೂತಿದ್ದರು. ನಮ್ಮ ಮಗಳು ಕನ್ನಡಕ ತೆಗೆದು ನನ್ನ ತೊಡೆಯ ಮೇಲಿಟ್ಟು, ನನ್ನ ದುಪಟ್ಟಾದೊಳಗೆ ತಲೆ ತೂರಿಸಿದಳು. ಅವತ್ತು ರಾತ್ರಿ ಲೈಟ್ ಹಾಕಿಕೊಂಡೇ ಮಲಗಿದ್ದು.

ಅನಿಮೇಷನ್ ಅಂದ ತಕ್ಷಣ ಮಕ್ಕಳ ಸಿನಿಮಾ ಅಂತ ನಾವು ಅಂದುಕೊಂಡುಬಿಡುತ್ತೇವೆ. ಇದು ಭಕ್ತರ ಸಿನಿಮಾ. ಮಕ್ಕಳೂ ನೋಡಬಹುದು, ಆದರೆ ಅವರಿಗಾಗಿ ಮಾಡಿದ್ದಲ್ಲ. ಹತ್ತು ವರ್ಷ ದಾಟಿದ ಮಕ್ಕಳಿಗೆ ಏನೂ ತೊಂದರೆ ಇಲ್ಲ. ಮಗನಿಗೆ ಹೊಡೆದಾಟ ಇನ್ನೂ ಸ್ವಲ್ಪ ಹೊತ್ತು ಇರಬೇಕಿತ್ತಂತೆ.

ಅತ್ತೆಯ ತೀರ್ಪು ಬೇರೆ. ಕಾರು ಹತ್ತುವ ಮೊದಲೇ ಹೇಳಿದರು: ‘ಅಣ್ಣಾವ್ರ ಮುಂದೆ ಇವನು ಯಾವ ಹಿರಣ್ಯಕಶಿಪು?’ ಆ ವಾರವೇ 1983ರ ‘ಭಕ್ತ ಪ್ರಹ್ಲಾದ’ ಹುಡುಕಿ ಮನೆಯಲ್ಲಿ ಹಾಕಿದೆವು. ಡಾ. ರಾಜ್‌ಕುಮಾರ್ ಹಿರಣ್ಯಕಶಿಪು, ಪುನೀತ್ ಪ್ರಹ್ಲಾದ. ಆಗ ಅಪ್ಪುಗೆ ಎಂಟು ವರ್ಷದ ಆಸುಪಾಸು, ಹೆಚ್ಚು ಕಡಿಮೆ ನನ್ನ ಮಗಳ ವಯಸ್ಸು. ಬೀದಿ ಬೀದಿಯಲ್ಲಿ ಫೋಟೊ ನೋಡಿರುವ ಅಪ್ಪು ಇವನೇ ಅಂತ ಅವಳು ನಂಬಲೇ ಇಲ್ಲ. ಸೆಟ್ಟು, ಗ್ರಾಫಿಕ್ಸು ಎಲ್ಲ ಹಳೆಯದು, ಮಗ ನಕ್ಕ. ಆದರೆ ರಾಜ್‌ಕುಮಾರ್ ಕಣ್ಣು ಕೆಂಪಗೆ ಮಾಡಿಕೊಂಡು ಮಗನನ್ನು ನೋಡುವಾಗ ಆ ನಗು ನಿಂತಿತು. ಅಪ್ಪನಿಗೆ ಮಗನ ಮೇಲೆ ಸಿಟ್ಟೂ ಇದೆ, ಪ್ರೀತಿಯೂ ಇದೆ. ಎರಡೂ ಒಂದೇ ಮುಖದಲ್ಲಿ ಕಾಣುತ್ತದೆ. ಹೊಸದರಲ್ಲಿ ಸಿಟ್ಟು ಮಾತ್ರ ಇದೆ. ಅತ್ತೆ ಹೇಳಿದ್ದಕ್ಕೆ ನನ್ನ ಸಹಿಯೂ ಇದೆ.

ಇನ್ನು ‘ಸು ಫ್ರಮ್ ಸೋ’. ಜೆ.ಪಿ. ತುಮಿನಾಡ್ ಮೊದಲ ಸಲ ನಿರ್ದೇಶಿಸಿದ್ದು, ಅಶೋಕನ ಪಾತ್ರವೂ ಅವರದೇ. ನಿರ್ಮಾಪಕರಲ್ಲಿ ರಾಜ್ ಬಿ. ಶೆಟ್ಟಿ ಇದ್ದಾರೆ, ಗುರೂಜಿಯಾಗಿ ಬಂದು ನಗಿಸಿಯೂ ಹೋಗುತ್ತಾರೆ. ಕರಾವಳಿಯ ಒಂದು ಊರು. ಅಶೋಕ ಮಾಡಬಾರದ್ದು ಮಾಡಲು ಹೋಗಿ ಸಿಕ್ಕಿಬೀಳುತ್ತಾನೆ. ತಪ್ಪಿಸಿಕೊಳ್ಳಲು ಮೈಮೇಲೆ ದೆವ್ವ ಬಂದ ಹಾಗೆ ಆಡುತ್ತಾನೆ. ಊರಿನವರು ಅದನ್ನು ಸೋಮೇಶ್ವರದ ಸುಲೋಚನಾಳ ದೆವ್ವ ಅಂತ ತೀರ್ಮಾನ ಮಾಡಿಬಿಡುತ್ತಾರೆ. ಆಮೇಲೆ ಅವನು ಏನು ಹೇಳಿದರೂ ಯಾರೂ ಕೇಳುವುದಿಲ್ಲ. ಹೇಳುತ್ತಿರುವುದು ದೆವ್ವ ಅಲ್ವಾ!

ನಮ್ಮ ಅತ್ತೆ ಇಷ್ಟು ನಕ್ಕಿದ್ದನ್ನು ನಾನು ಮದುವೆಯಾದಾಗಿನಿಂದ ನೋಡಿಲ್ಲ. ಅವರ ತವರಿನಲ್ಲೂ ಒಬ್ಬರಿಗೆ ಹೀಗೇ ಮೈಮೇಲೆ ಬರುತ್ತಿತ್ತಂತೆ, ಅದೂ ಸರಿಯಾಗಿ ಗದ್ದೆ ಕೆಲಸದ ದಿನವೇ. ಈ ಕಥೆ ಇಷ್ಟು ವರ್ಷ ಯಾಕೆ ಹೇಳಿರಲಿಲ್ಲವೋ. ಮಂಗಳೂರು ಕಡೆಯ ಮಾತು ಅವರಿಗೆ ಅರ್ಥವಾಗುತ್ತದೋ ಇಲ್ಲವೋ ಅಂತ ನನಗೆ ಅನುಮಾನ ಇತ್ತು. ಅರ್ಧ ಗಂಟೆಯಲ್ಲಿ ಕಿವಿ ಹೊಂದಿಕೊಂಡಿತು. ಆಮೇಲೆ ಒಂದು ವಾರ ಮನೆಯಲ್ಲಿ ಎಲ್ಲದಕ್ಕೂ ‘ಎಂತ ಮಾರಾಯ್ರೆ’. ಮಗಳು ಅದನ್ನು ಟೀಚರ್‌ಗೂ ಹೇಳಿ ಬಂದಳು.

ಶನೀಲ್ ಗೌತಮ್ ಮಾಡಿರುವ ರವಿಯಣ್ಣನ ಪಾತ್ರದ ಬಗ್ಗೆ ಎಷ್ಟು ಹೇಳಿದರೂ ಸಾಲದು. ಊರಿಗೆಲ್ಲ ಬುದ್ಧಿ ಹೇಳುವ ದೊಡ್ಡ ಮನುಷ್ಯ, ಮುಖದಲ್ಲಿ ಗಾಂಭೀರ್ಯ, ಎಲ್ಲದಕ್ಕೂ ಮುಂದೆ ನಿಲ್ಲುವವನು, ಮದುವೆ ಮಾತ್ರ ಆಗಿಲ್ಲ. ಭಾನು ಅನ್ನುವ ಹೆಣ್ಣನ್ನು ನೋಡಿದ ಮೇಲೆ ಆ ಗಾಂಭೀರ್ಯ ಸ್ವಲ್ಪ ಸ್ವಲ್ಪವೇ ಕರಗುತ್ತದೆ. ಅಂಗಿ ಸರಿ ಮಾಡಿಕೊಳ್ಳುವ ರೀತಿ, ಏನೋ ಹೇಳಲು ಹೋಗಿ ಬೇರೇನೋ ಹೇಳುವ ರೀತಿ. ಇಂಥ ರವಿಯಣ್ಣ ನಮ್ಮ ಬೀದಿಯಲ್ಲೂ ಒಬ್ಬರಿದ್ದಾರೆ. ಮನೆಗೆ ಬಂದಾಗ ನಗು ತಡೆಯುವುದು ಈಗ ಕಷ್ಟ. ಕರೆಯದೆಯೇ ಎಲ್ಲೆಡೆ ಹಾಜರಾಗುವ ‘ಭಾವ’ ಅನ್ನುವ ಪಾತ್ರ ಬಂದಾಗಲೆಲ್ಲ ಇಡೀ ಥಿಯೇಟರ್ ಹಾಡಿಗೆ ದನಿ ಸೇರಿಸುತ್ತಿತ್ತು.

ಇಷ್ಟು ಹೊಗಳಿದ ಮೇಲೆ ಗೊಣಗಾಟವೂ ಇದೆ. ಕುಡಿತ ಜಾಸ್ತಿ. ಊರಿನ ಗಂಡಸರು ಯಾವ ನೆಪ ಸಿಕ್ಕರೂ ಬಾಟಲಿ ತೆರೆಯುತ್ತಾರೆ. ಮಗಳು ‘ಅವರೆಲ್ಲ ಯಾಕೆ ಯಾವಾಗ್ಲೂ ಅದನ್ನೇ ಕುಡೀತಾರೆ’ ಅಂತ ಜೋರಾಗಿಯೇ ಕೇಳಿದಳು. ಅದಕ್ಕಿಂತ ನನಗೆ ಚುಚ್ಚಿದ್ದು ಬೇರೆ. ಕಥೆ ಶುರುವಾಗುವುದೇ ಅಶೋಕ ಬಚ್ಚಲುಮನೆಯೊಳಗೆ ಇಣುಕಲು ಹೋಗುವುದರಿಂದ. ಸಿನಿಮಾ ಅದನ್ನು ತಮಾಷೆಯಾಗಿ ದಾಟಿಸಿಬಿಡುತ್ತದೆ. ಮುಂದೆ ಅದೇ ಸಿನಿಮಾ ಒಬ್ಬ ಹೆಣ್ಣಿನ ಕಷ್ಟಕ್ಕೆ ತಿರುಗಿಕೊಳ್ಳುತ್ತದೆ. ಬರೀ ನಗಿಸಲು ಬಂದಿದ್ದು ಗಟ್ಟಿಯಾಗಿ ನಿಲ್ಲುವುದು ಅಲ್ಲೇ. ದೆವ್ವದ ಭಯಕ್ಕೆ ಮಣಿಯುವ ಗಂಡಸರು ಬದುಕಿರುವ ಹೆಂಗಸಿನ ಮಾತಿಗೆ ಮಣಿಯುವುದಿಲ್ಲ ಅನ್ನುವುದನ್ನು ಭಾಷಣ ಮಾಡದೆ ತೋರಿಸುತ್ತಾರೆ. ಅಷ್ಟು ಸೂಕ್ಷ್ಮ ಇರುವವರು ಮೊದಲಿನ ಆ ಇಣುಕಾಟಕ್ಕೂ ಅಶೋಕನ ಕಿವಿ ಹಿಂಡಬೇಕಿತ್ತು.

ಮಗನಿಗೆ ಹದಿಮೂರು ಅಂದೆನಲ್ಲ. ಮನೆಗೆ ಬಂದು, ಊಟ ಆದ ಮೇಲೆ, ‘ಆ ಸೀನ್‌ಗೆ ನೀನು ಯಾಕೆ ನಕ್ಕೆ?’ ಅಂತ ಕೇಳಿದೆ. ಮೊದಲು ‘ಕಾಮಿಡಿ ಅಮ್ಮ’ ಅಂದ. ಆಮೇಲೆ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ‘ಆ ಹುಡುಗಿಗೆ ಕಾಮಿಡಿ ಅನ್ಸಿರಲ್ಲ’ ಅಂತ ತಾನೇ ಹೇಳಿದ. ನರಸಿಂಹ ನೋಡಿ ಬಂದಾಗ ನಮ್ಮಿಬ್ಬರ ನಡುವೆ ಇಂಥ ಮಾತು ಹುಟ್ಟಿರಲಿಲ್ಲ. ಅದರಲ್ಲಿ ಒಳ್ಳೆಯವರು ಯಾರು, ಕೆಟ್ಟವರು ಯಾರು ಅಂತ ಮೊದಲೇ ತೀರ್ಮಾನ ಆಗಿರುತ್ತದೆ.

ಮಗಳಿಗೆ ಇದರಲ್ಲಿ ಅರ್ಧ ಅರ್ಥವಾಗಲಿಲ್ಲ, ಅದೇ ಒಳ್ಳೆಯದಾಯಿತು. ಹೆದರಲಂತೂ ಇಲ್ಲ. ದೆವ್ವ ಸುಳ್ಳು ಅಂತ ಅವಳಿಗೆ ಮೊದಲಿನಿಂದಲೂ ಗೊತ್ತು, ಊರಿನವರಿಗೆ ಮಾತ್ರ ಗೊತ್ತಿಲ್ಲ. ಅದೇ ಅವಳಿಗೆ ದೊಡ್ಡ ಮಜಾ.

ಕಾಂತಾರದ್ದು ಬೇರೆಯೇ ಲೆಕ್ಕ. ಅಕ್ಟೋಬರ್ 2ಕ್ಕೆ ಬಂತು, ಅವತ್ತು ವಿಜಯದಶಮಿಯೂ ಹೌದು. ದಸರಾ ಜನಜಂಗುಳಿಯಲ್ಲಿ ಮೈಸೂರಿನಲ್ಲಿ ಸಿನಿಮಾಗೆ ಹೋಗುವುದು ಕನಸಿನ ಮಾತು, ಒಂದು ವಾರ ಬಿಟ್ಟು ಹೋದೆವು. ಸೆಪ್ಟೆಂಬರ್‌ನಲ್ಲಿ ಸರ್ಕಾರ ಟಿಕೆಟ್‌ಗೆ 200 ರೂಪಾಯಿ ಮಿತಿ ಹಾಕಿದಾಗ ನಾನು ಖುಷಿಪಟ್ಟಿದ್ದೆ. ಸಿನಿಮಾ ಬರುವ ಮೊದಲೇ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಮಾಲ್‌ನಲ್ಲಿ ಟಿಕೆಟ್ ರೇಟ್ ನೋಡಿ, ಹಳೇ ಸಿಂಗಲ್ ಸ್ಕ್ರೀನ್‌ನ ಬಾಲ್ಕನಿಗೇ ಹೋದೆವು. ಸೌಂಡ್ ಅಲ್ಲಿ ಏನೂ ಕಮ್ಮಿ ಇರಲಿಲ್ಲ, ಸೀಟು ಮಾತ್ರ ಬೆನ್ನು ಮುರಿಯಿತು.

ಮಗಳನ್ನೂ ಅತ್ತೆಯನ್ನೂ ಬಿಟ್ಟು ಹೋದೆವು. ಇದಕ್ಕೆ ಸೆನ್ಸಾರ್‌ನಿಂದ ಸಿಕ್ಕಿದ್ದು ಯು/ಎ 16+. ಮೊದಲೆಲ್ಲ ಬರೀ ಯು/ಎ ಅಂತ ಇರುತ್ತಿತ್ತು, ಈಗ ಅದನ್ನು 7, 13, 16 ಅಂತ ಮೂರು ಮಾಡಿದ್ದಾರೆ. ಬಾಗಿಲಲ್ಲಿ ತಡೆಯುವುದು ‘ಎ’ ಸಿನಿಮಾಗೆ ಮಾತ್ರ. ಯು/ಎ ಆದರೆ ಕರೆದುಕೊಂಡು ಹೋಗುವುದೋ ಬಿಡುವುದೋ ಅಪ್ಪ ಅಮ್ಮನಿಗೆ ಬಿಟ್ಟಿದ್ದು. ಹದಿಮೂರರ ಮಗನನ್ನು ಕರೆದುಕೊಂಡು ಹೋಗಲು ನಾನು ಒಪ್ಪಿದೆ. ನಮ್ಮ ಪಕ್ಕದಲ್ಲೇ ಮೂರು ವರ್ಷದ ಮಗು ಒಂದಿತ್ತು, ಪಾಪ, ಗುಳಿಗ ದೈವ ಕೂಗಿದಾಗಲೆಲ್ಲ ಅದೂ ಕೂಗುತ್ತಿತ್ತು.

ಕದಂಬರ ಕಾಲದ ಕಥೆ. ರಿಷಬ್ ಶೆಟ್ಟಿ, ರುಕ್ಮಿಣಿ ವಸಂತ್, ಜಯರಾಂ, ಗುಲ್ಶನ್ ದೇವಯ್ಯ. ಮೊದಲರ್ಧದ ತಮಾಷೆ ನನಗೆ ಹಿಡಿಸಲಿಲ್ಲ, ಸು ಫ್ರಮ್ ಸೋ ನೋಡಿದ ಮೇಲಂತೂ ಸಪ್ಪೆ. ಪೇಟೆಯಲ್ಲಿ ರಥ ಓಡುವ ದೃಶ್ಯಕ್ಕೆ ಮಗ ಸೀಟಿನ ತುದಿಗೆ ಬಂದಿದ್ದ. ಅಜನೀಶ್ ಲೋಕನಾಥ್ ಸಂಗೀತ, ಅರವಿಂದ್ ಕಶ್ಯಪ್ ಕ್ಯಾಮೆರಾ, ಎರಡಕ್ಕೂ ಕೊಟ್ಟ ದುಡ್ಡು ಮೋಸ ಇಲ್ಲ. ಆದರೆ 2022ರ ಮೊದಲ ಕಾಂತಾರದಲ್ಲಿ ಕಾಡು, ಜಮೀನು, ಧಣಿ, ಕೋಲ ಎಲ್ಲ ಒಂದಕ್ಕೊಂದು ಹೆಣೆದುಕೊಂಡಿತ್ತು. ಇದರಲ್ಲಿ ಎಲ್ಲವೂ ದೊಡ್ಡದು, ದೊಡ್ಡದು, ಇನ್ನೂ ದೊಡ್ಡದು. ಒಳಗೆ ಇಳಿಯಲು ಪುರುಸೊತ್ತೇ ಕೊಡುವುದಿಲ್ಲ. ಮಗ ಇದನ್ನು ಒಪ್ಪುವುದಿಲ್ಲ. ಮೂರರಲ್ಲಿ ಅವನಿಗೆ ಇದೇ ನಂಬರ್ ಒನ್.

ಮನೆಗೆ ಬಂದವನೇ ಟವಲ್ ಸುತ್ತಿಕೊಂಡು ದೈವದ ಕೂಗು ಹಾಕಿದ. ತಂಗಿ ಓಡಿಹೋಗಿ ಬಾಗಿಲು ಹಾಕಿಕೊಂಡಳು. ಆಗಲೇ ಚಿತ್ರತಂಡದವರೇ ದೈವದ ಅನುಕರಣೆ ಮಾಡಬೇಡಿ, ಅದು ನಂಬಿಕೆಯ ವಿಷಯ ಅಂತ ಕೇಳಿಕೊಂಡಿದ್ದರು. ನಮ್ಮ ಸ್ನೇಹಿತರೊಬ್ಬರು ಉಡುಪಿಯವರು, ಅವರ ಮನೆಯಲ್ಲಿ ವರ್ಷಕ್ಕೊಮ್ಮೆ ಕೋಲ ನಡೆಯುತ್ತದೆ. ಅವರ ಮುಂದೆ ಹೀಗೆ ಆಡುತ್ತೀಯಾ ಅಂತ ಕೇಳಿದೆ. ಟವಲ್ ಒಣಹಾಕಿ ಹೋದ.

ಮೂರೂ ಈಗ ಮನೆಯಲ್ಲೇ ನೋಡಬಹುದು. ಸು ಫ್ರಮ್ ಸೋ ಸೆಪ್ಟೆಂಬರ್ ಎರಡನೇ ವಾರಕ್ಕೇ ಜಿಯೋಹಾಟ್‌ಸ್ಟಾರ್‌ಗೆ ಬಂತು, ನರಸಿಂಹ ಅದೇ ತಿಂಗಳು ನೆಟ್‌ಫ್ಲಿಕ್ಸ್‌ಗೆ, ಕಾಂತಾರ ತಿಂಗಳೂ ತುಂಬುವ ಮೊದಲೇ ಪ್ರೈಮ್‌ಗೆ. ನರಸಿಂಹನಿಗೆ ರಿಮೋಟ್ ಕೈಯಲ್ಲಿರುವುದೇ ಲೇಸು. ಮಗಳು ವರಾಹನ ಭಾಗ ಎಷ್ಟು ಸಲ ಬೇಕಾದರೂ ನೋಡುತ್ತಾಳೆ, ಕಂಬ ಬರುವ ಹೊತ್ತಿಗೆ ತಾನೇ ನಿಲ್ಲಿಸುತ್ತಾಳೆ. ಕಾಂತಾರ ಟಿವಿಯಲ್ಲಿ ಅರ್ಧಕ್ಕರ್ಧ ಸೊರಗುತ್ತದೆ, ದೊಡ್ಡ ಪರದೆಯಲ್ಲಿ ನೋಡದವರಿಗೆ ನಷ್ಟ. ಸು ಫ್ರಮ್ ಸೋಗೆ ಪರದೆ ಎಷ್ಟು ದೊಡ್ಡದು ಅನ್ನುವುದು ಮುಖ್ಯವಲ್ಲ, ಪಕ್ಕದಲ್ಲಿ ನಾಲ್ಕು ಜನ ಇರಬೇಕು. ಅತ್ತೆ ಒಬ್ಬರೇ ಕೂತು ಮತ್ತೆ ನೋಡಿದರು, ಅಷ್ಟು ನಗು ಬರಲಿಲ್ಲವಂತೆ.

ಮಹಾವತಾರದವರು ಒಟ್ಟು ಏಳು ಸಿನಿಮಾ ಮಾಡುತ್ತೇವೆ ಅಂದಿದ್ದಾರೆ. ಎರಡು ವರ್ಷಕ್ಕೊಂದರಂತೆ ಕಲ್ಕಿಯವರೆಗೆ, 2037ಕ್ಕೆ ಮುಗಿಯುತ್ತದೆ. ಅಷ್ಟು ಹೊತ್ತಿಗೆ ಮಗಳಿಗೆ ನಮ್ಮ ಜೊತೆ ಸಿನಿಮಾಗೆ ಬರಲು ಮನಸ್ಸಿರುವುದಿಲ್ಲ ಬಿಡಿ. ಮುಂದಿನದು 2027ಕ್ಕೆ, ಪರಶುರಾಮ. ಅಪ್ಪನ ಮಾತಿಗೆ ಅಮ್ಮನ ತಲೆ ಕಡಿಯುವ ಮಗನ ಕಥೆಯನ್ನು ಒಂಬತ್ತು ವರ್ಷದವಳಿಗೆ ಥಿಯೇಟರಿನ ಕತ್ತಲಲ್ಲಿ ಯಾರು ವಿವರಿಸಬೇಕು ಅಂತ ಮನೆಯಲ್ಲಿ ಈಗಲೇ ಚರ್ಚೆ ಆಗಿದೆ. ನಮ್ಮನೆಯವರು ಎಂದಿನಂತೆ ಎಸಿ ಇದೆಯಾ ಅಂತ ಕೇಳಿದರು. ಅತ್ತೆ ಮಾತ್ರ ಮುಂದೆ ಬಂದಿದ್ದಾರೆ. ಅದಕ್ಕೆ ಮುಂಚೆ ಮಗುವನ್ನು ಒಂದು ಸಲ ಸವದತ್ತಿ ಗುಡ್ಡಕ್ಕೆ ಕರೆದುಕೊಂಡು ಹೋಗಿ ರೇಣುಕಾ ಯಲ್ಲಮ್ಮನ ಕಡೆಯಿಂದ ಕಥೆ ಹೇಳುತ್ತಾರಂತೆ, ಮಗನ ಕಡೆಯಿಂದ ಆಮೇಲೆ ನೋಡಿಕೊಳ್ಳಲಿ ಅಂತ.