ಲೋಗೋ ಬಂದ ಮೇಲೆ ಮಾನಿಟರ್ ಕಪ್ಪಾದರೆ ಸಿಪಿಯು ಹೊತ್ತುಕೊಂಡು ಓಡಬೇಡಿ

ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಡಿಟಿಪಿ (ಪುಸ್ತಕ, ಕಾರ್ಡುಗಳ ಅಕ್ಷರ ಜೋಡಣೆ) ಕೆಲಸ ಮಾಡುವವರು ದಯವಿಟ್ಟು ಇದನ್ನು ಓದಿ. ನನಗೆ 3,600 ರೂಪಾಯಿ ಹೋಯಿತು. ದುಡ್ಡು ಹಾಳಾಗಲಿ, ನಿವೃತ್ತ ಮೇಷ್ಟ್ರೊಬ್ಬರ ಆತ್ಮಕಥೆಯ 140 ಪುಟ ಹೋಯಿತು. ಯಾಕೆ ಹೋಯಿತು ಅಂತ ಗೊತ್ತಾಗಿದ್ದು ನಾಲ್ಕು ತಿಂಗಳ ಮೇಲೆ. ಅಷ್ಟೆಲ್ಲ ಆದರೂ ಕಂಪ್ಯೂಟರ್ ಕೆಟ್ಟೇ ಇರಲಿಲ್ಲ.

ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ. ಜೂನ್ ಬಂತೆಂದರೆ ಮಳೆ ಹೇಗಿರುತ್ತದೆ ಅಂತ ಈ ಕಡೆಯವರಿಗೆ ಹೇಳಬೇಕಿಲ್ಲ. ಜೋರು ಮಳೆಯಲ್ಲಿ ಡಿಶ್ ಟಿವಿಯ ಸಿಗ್ನಲ್ ಹೋಗುತ್ತದೆ. 2024ರ ಜೂನ್ 29, ಶನಿವಾರ ರಾತ್ರಿ ಟಿ20 ವಿಶ್ವಕಪ್ ಫೈನಲ್. ಬಾರ್ಬಡೋಸ್‌ನಲ್ಲಿ ನಮ್ಮವರಿಗೂ ದಕ್ಷಿಣ ಆಫ್ರಿಕಾದವರಿಗೂ ಪಂದ್ಯ. ನಮ್ಮ ಟಿವಿಯಲ್ಲಿ ಬರೀ 'ಸಿಗ್ನಲ್ ಇಲ್ಲ'. ಅಕ್ಕನ ಮಗ ಬೆಂಗಳೂರಿಂದ ಬಂದಿದ್ದ. ಅವನು ಸುಮ್ನೆ ಕೂರುವ ಹುಡುಗ ಅಲ್ಲ. ನನ್ನ ಕೆಲಸದ ಕೋಣೆಗೂ ಹಾಲ್‌ಗೂ ನಡುವೆ ಒಂದೇ ಗೋಡೆ. ಉದ್ದದ ಎಚ್‌ಡಿಎಂಐ ವೈರ್ ಒಂದನ್ನು ಕಿಟಕಿಯಿಂದ ತೂರಿಸಿ, ಕಂಪ್ಯೂಟರನ್ನು ಟಿವಿಗೆ ಜೋಡಿಸಿ, ಇಂಟರ್ನೆಟ್‌ನಲ್ಲಿ ಪಂದ್ಯ ಹಾಕಿಕೊಟ್ಟ. ಭಾರತ 7 ರನ್ನಿಂದ ಗೆದ್ದಿತು. ಮನೆಯವರೆಲ್ಲ ಕೂಗಾಡಿ ಮಲಗಿದೆವು. ಭಾನುವಾರ ಬೆಳಗಿನ ಬಸ್ಸಿಗೆ ಅವನು ಹೊರಟ. ವೈರ್ ಅಲ್ಲೇ ಉಳಿಯಿತು.

ಸೋಮವಾರ ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿದೆ. ಕಂಪನಿಯ ಲೋಗೋ ಬಂತು. ಕೆಳಗೆ ಚುಕ್ಕಿಗಳು ತಿರುಗಿದವು. ಪಾಸ್‌ವರ್ಡ್ ಕೇಳುವ ಹೊತ್ತಿಗೆ ಸರಿಯಾಗಿ ಪರದೆ ಕಪ್ಪಾಯಿತು. 'ನೋ ಸಿಗ್ನಲ್' ಅಂತ ಒಂದು ಡಬ್ಬಿ ಆ ಕಡೆ ಈ ಕಡೆ ತೇಲಾಡಿ, ಮಾನಿಟರ್ ನಿದ್ದೆಗೆ ಹೋಯಿತು. ಆಫ್ ಮಾಡಿ ಆನ್ ಮಾಡಿದೆ. ಮತ್ತೆ ಅದೇ. ಹತ್ತು ಸಲ ಮಾಡಿರಬೇಕು. ರಾತ್ರಿ ಸಿಡಿಲು ಬೇರೆ ಬಡಿದಿತ್ತು. 'ಸಿಡಿಲಿಗೆ ಹೋಯ್ತು ಬಿಡು' ಅಂದರು ನಮ್ಮನೆಯವರು. ನಾನೂ ನಂಬಿದೆ. ಹಿಂದಿನ ವೈರೆಲ್ಲ ಕಿತ್ತು, ಸಿಪಿಯುವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಪೇಟೆಗೆ ಒಯ್ದೆ.

ಅಂಗಡಿಯ ಹೆಸರು ಹೇಳುವುದಿಲ್ಲ. ಸಂಜೆ ಫೋನ್ ಬಂತು. 'ರ‍್ಯಾಮ್ ಲೂಸಾಗಿತ್ತು ಮೇಡಂ, ಕ್ಲೀನ್ ಮಾಡಿದೀನಿ, ಸರಿ ಹೋಗಿದೆ.' 500 ರೂಪಾಯಿ. ತಂದು ಎಲ್ಲ ವೈರನ್ನೂ ಮೊದಲಿದ್ದ ಹಾಗೇ ಸಿಕ್ಕಿಸಿದೆ. ಟಿವಿಯ ವೈರನ್ನೂ ಸೇರಿಸಿ. ಲೋಗೋ ಬಂತು, ಚುಕ್ಕಿ ತಿರುಗಿತು, ಕಪ್ಪು!

ಮಾರನೇ ದಿನ ಮತ್ತೆ ಹೊತ್ತೆ. ಈ ಸಲ ಮೂರು ದಿನ ಇಟ್ಟುಕೊಂಡರು. 'ಎಸ್‌ಎಂಪಿಎಸ್ ವೀಕ್ ಆಗಿದೆ, ಹಾಕ್ಬೇಕು' ಅಂದರು. ಸಿಪಿಯು ಒಳಗೆ ಕರೆಂಟ್ ಹಂಚುವ ಡಬ್ಬಿ ಅದು. ಹಾಕಿ ಅಂದೆ. ಆಮೇಲೆ ಇನ್ನೊಂದು ಫೋನ್. 'ವಿಂಡೋಸೂ ಕರಪ್ಟ್ ಆಗಿದೆ ಮೇಡಂ, ಹೊಸದಾಗಿ ಹಾಕ್ಲಾ?' ಒಲೆ ಮೇಲೆ ಹಾಲು ಇಟ್ಟಿದ್ದೆ. ಆ ಗಡಿಬಿಡಿಯಲ್ಲಿ 'ಹಾಕಿ, ಬೇಗ ಕೊಡಿ' ಅಂದುಬಿಟ್ಟೆ. ಅದೇ ನಾನು ಮಾಡಿದ ತಪ್ಪು. ಹೊಸದಾಗಿ ಹಾಕುವುದು ಅಂದರೆ ಹಳೆಯದನ್ನು ಅಳಿಸುವುದು ಅಂತ ನನಗೆ ಹೊಳೆಯಲಿಲ್ಲ. ಏನಾದರೂ ಉಳಿಸಿಕೊಳ್ಳಬೇಕಾ ಅಂತ ಅವರೂ ಕೇಳಲಿಲ್ಲ.

ಮನೆಗೆ ತಂದೆ. ಪರದೆ ಬಂತು. ಖುಷಿಯಾಯಿತು. ಆದರೆ ಡೆಸ್ಕ್‌ಟಾಪ್ ಖಾಲಿ. ಮೇಷ್ಟ್ರ ಪುಸ್ತಕ, ಶ್ರಾವಣದ ಮದುವೆ ಕಾರ್ಡುಗಳು, ಸಂಘದ ಸ್ಮರಣ ಸಂಚಿಕೆಯ ಅರ್ಧ, ಎಲ್ಲ ಇದ್ದದ್ದು ಡೆಸ್ಕ್‌ಟಾಪಿನ ಮೇಲೆ. 'ಡಿ ಡ್ರೈವ್ ಮುಟ್ಟಿಲ್ಲ ಮೇಡಂ, ಸಿ ಮಾತ್ರ' ಅಂದರು ಅಂಗಡಿಯವರು. ಸಿ, ಡಿ ಅಂದರೆ ಕಂಪ್ಯೂಟರಿನಲ್ಲಿ ಫೈಲ್ ಇಡುವ ಜಾಗದ ಎರಡು ಭಾಗ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಮೂರೂ ನಾವಾಗಿ ಬದಲಾಯಿಸದಿದ್ದರೆ ಇರುವುದು ಸಿ ಡ್ರೈವಿನಲ್ಲೇ. ಡಿಯಲ್ಲಿ ನನ್ನದು ಇದ್ದದ್ದು ಹಳೇ ಬಿಲ್ಲುಗಳು ಮತ್ತು ಭಜನೆ ಹಾಡುಗಳು.

ಶಿವಮೊಗ್ಗದಲ್ಲಿ ಡೇಟಾ ತೆಗೆದುಕೊಡುವ ಒಬ್ಬರಿಗೆ ತೋರಿಸಿದೆ. ಅವರು ಒಳ್ಳೆಯವರು, ದುಡ್ಡು ಕೇಳಲಿಲ್ಲ. 'ಹಳೇ ಥರದ ಹಾರ್ಡ್‌ಡಿಸ್ಕ್ ಆಗಿದ್ದರೆ ಪ್ರಯತ್ನ ಮಾಡಬಹುದಿತ್ತು ಅಮ್ಮ, ಇದು ಎಸ್‌ಎಸ್‌ಡಿ' ಅಂದರು. ಎಸ್‌ಎಸ್‌ಡಿ ಅಂದರೆ ಹೊಸ ಥರದ, ವೇಗದ ಡಿಸ್ಕ್. ಹಾರ್ಡ್‌ಡಿಸ್ಕಿನಲ್ಲಿ ಫೈಲ್ ಅಳಿಸಿದರೂ, ಅದರ ಮೇಲೆ ಬೇರೆ ಏನಾದರೂ ಬರೆಯುವ ತನಕ ಒಳಗೆ ಉಳಿದಿರುತ್ತದೆ. ಎಸ್‌ಎಸ್‌ಡಿಯಲ್ಲಿ ಹಾಗಲ್ಲ. 'ಈ ಜಾಗ ಇನ್ನು ಬೇಡ' ಅಂತ ವಿಂಡೋಸ್ ಹೇಳಿದರೆ ಎಸ್‌ಎಸ್‌ಡಿ ತಾನಾಗಿಯೇ ಆ ಜಾಗ ಗುಡಿಸಿ ಹಾಕುತ್ತದೆ. ಇದಕ್ಕೆ ಟ್ರಿಮ್ ಅನ್ನುತ್ತಾರೆ. ವೇಗ ಬೇಕು ಅಂತ ಎರಡು ವರ್ಷದ ಹಿಂದೆ ಎಸ್‌ಎಸ್‌ಡಿ ಹಾಕಿಸಿದ್ದು ನಾನೇ.

ಮೇಷ್ಟ್ರ ಕೈಬರಹದ ನೋಟ್‌ಬುಕ್ ನನ್ನ ಹತ್ತಿರವೇ ಇತ್ತು, ಪುಣ್ಯ. ಆದರೆ ಅವರು ವಾರಕ್ಕೆರಡು ಸಲ ಬಂದು, ಪಕ್ಕದಲ್ಲಿ ಕೂತು, ಬಾಯಲ್ಲೇ ಹೇಳಿ ತಿದ್ದಿಸಿದ್ದು ಎಲ್ಲೂ ಬರೆದಿಟ್ಟಿರಲಿಲ್ಲ. 92 ಪುಟದ ಪ್ರೂಫ್ ಅವರ ಮನೆಯಲ್ಲಿತ್ತು. ಉಳಿದದ್ದಕ್ಕೆ ನೋಟ್‌ಬುಕ್ಕೇ ಗತಿ. ವಿಷಯ ತಿಳಿಸಲು ಅವರ ಮನೆಗೆ ಹೋದಾಗ ಅವರು ಸಿಟ್ಟು ಮಾಡಲಿಲ್ಲ. 'ಚಾ ಕುಡಿ ಮೊದಲು' ಅಂದರು. ಬೈದಿದ್ದರೇ ಚೆನ್ನಾಗಿತ್ತು.

ಇದಾದ ಮೇಲೆ ಒಂದು ವಿಚಿತ್ರ ಶುರುವಾಯಿತು. ಕೆಲಸ ಮಾಡುವಾಗ ಆಗಾಗ ಮೌಸಿನ ಬಾಣ ಬಲಗಡೆ ಅಂಚಿನಿಂದ ಆಚೆ ಹೋಗಿ ಮಾಯವಾಗುತ್ತಿತ್ತು. ಎಳೆದರೆ ವಾಪಸ್ ಬರುತ್ತಿತ್ತು. ಮೌಸ್ ಹಳೆಯದಾಗಿದೆ ಅಂದುಕೊಂಡು ಹೊಸ ಮೌಸ್ ತಂದೆ. ಈ ದುಡ್ಡು ಮೇಲಿನ ಲೆಕ್ಕದಲ್ಲಿ ಸೇರಿಲ್ಲ.

ದೀಪಾವಳಿಗೆ ಅಕ್ಕನ ಮಗ ಮತ್ತೆ ಬಂದ. ಮೌಸಿನ ಕತೆ ಹೇಳಿದೆ. ಎರಡು ನಿಮಿಷ ನೋಡಿ ನಕ್ಕುಬಿಟ್ಟ. 'ಚಿಕ್ಕಿ, ಬಾಣ ಎಲ್ಲೂ ಹೋಗಿಲ್ಲ. ಹಾಲ್‌ನಲ್ಲಿ ಟಿವಿ ಹಾಕಿ ನೋಡಿ.' ಟಿವಿ ಆನ್ ಮಾಡಿ ಎಚ್‌ಡಿಎಂಐಗೆ ಬದಲಾಯಿಸಿದರೆ, ನನ್ನ ಕಂಪ್ಯೂಟರಿನ ಇನ್ನೊಂದು ಅರ್ಧ ಅಲ್ಲಿ ಖಾಲಿ ಕೂತಿತ್ತು! ಬಾಣ ಅದರ ನಡುವೆ. ನಾಲ್ಕು ತಿಂಗಳಿಂದ ನನ್ನ ಕಂಪ್ಯೂಟರಿಗೆ ಎರಡು ಪರದೆ, ನನಗೆ ಗೊತ್ತಿದ್ದದ್ದು ಒಂದು.

ನನ್ನ ತಲೆಗೆ ಆಗ ಹೊಳೆಯಿತು. 'ಅವತ್ತು ಮ್ಯಾಚ್ ದಿನ ಏನು ಒತ್ತಿದ್ದೆ ನೀನು?' ಕೇಳಿದೆ. ವಿಂಡೋಸ್ ಕೀ ಹಿಡಿದು ಪಿ ಒತ್ತಿದ. ಬಲಗಡೆ ನಾಲ್ಕು ಆಯ್ಕೆ ಬಂದವು. ಮಾನಿಟರ್ ಮಾತ್ರ, ಎರಡರಲ್ಲೂ ಒಂದೇ, ಎರಡಕ್ಕೂ ಹರಡುವುದು, ಎರಡನೇ ಪರದೆ ಮಾತ್ರ. ಕೊನೆಯದನ್ನು ಒತ್ತಿದ. ಮಾನಿಟರ್ ಕಪ್ಪು. 'ನೋ ಸಿಗ್ನಲ್' ಡಬ್ಬಿ ತೇಲಿತು. ಜುಲೈ 1ರ ಬೆಳಿಗ್ಗೆ ನೋಡಿದ್ದು ಇದನ್ನೇ. ಅವನ ಮುಖ ಸಣ್ಣದಾಯಿತು, ಪಾಪ.

ಒಳಗೆ ನಡೆದದ್ದು ಇಷ್ಟು. ಆನ್ ಮಾಡಿದಾಗ ಮೊದಲು ಬರುವ ಲೋಗೋ ತೋರಿಸುವುದು ಮದರ್‌ಬೋರ್ಡು, ಅಂದರೆ ಸಿಪಿಯು ಒಳಗಿನ ಮುಖ್ಯ ಬೋರ್ಡು. ಅದಕ್ಕೆ ವಿಂಡೋಸಿನ ಸೆಟ್ಟಿಂಗ್ ಗೊತ್ತಿಲ್ಲ, ನಮ್ಮ ಬೋರ್ಡಿನಲ್ಲಿ ಅದು ಮಾನಿಟರಿಗೆ ತೋರಿಸುತ್ತದೆ. ಆಮೇಲೆ ವಿಂಡೋಸ್ ಎದ್ದು, ಡಿಸ್‌ಪ್ಲೇ ಡ್ರೈವರ್ (ಪರದೆಗೆ ಚಿತ್ರ ಕಳಿಸುವ ಸಾಫ್ಟ್‌ವೇರ್) ಹಾಕಿಕೊಂಡು, ಹಿಂದೆ ನಾವು ಏನು ಹೇಳಿದ್ದೆವೋ ಅದನ್ನು ನೆನಪಿಸಿಕೊಳ್ಳುತ್ತದೆ. 'ಎರಡನೇ ಪರದೆ ಮಾತ್ರ' ಅಂತ ಹೇಳಿದ್ದರೆ ಮಾನಿಟರ್ ಬಿಟ್ಟು ಟಿವಿಗೆ ಹೋಗುತ್ತದೆ.

'ಟಿವಿ ಆಫ್ ಆಗಿತ್ತಲ್ಲ' ಅಂತ ನಾನೂ ಕೇಳಿದೆ. ಆಫ್ ಆಗಿದ್ದರೂ ಸಾಕಂತೆ. ಎಚ್‌ಡಿಎಂಐ ವೈರಿನಲ್ಲಿ ಕಂಪ್ಯೂಟರ್ ಕಡೆಯಿಂದ 5 ವೋಲ್ಟ್ ಹೋಗುತ್ತದೆ. ಟಿವಿಯೊಳಗೆ 'ನಾನು ಇಂಥ ಟಿವಿ, ನನ್ನ ಅಳತೆ ಇಷ್ಟು' ಅಂತ ಹೇಳುವ ಒಂದು ಪುಟ್ಟ ಚಿಪ್ ಇರುತ್ತದೆ. ಅದಕ್ಕೆ ಆ 5 ವೋಲ್ಟ್ ಸಾಕು. ಹಾಗಾಗಿ ಎಷ್ಟೋ ಟಿವಿಗಳು ಮಲಗಿದ್ದರೂ ಕಂಪ್ಯೂಟರಿಗೆ ಎದ್ದಿರುವ ಹಾಗೇ ಕಾಣುತ್ತವೆ.

ಅಂಗಡಿಯಲ್ಲಿ ಟಿವಿ ವೈರ್ ಇರಲಿಲ್ಲ. ಒಂದೇ ಮಾನಿಟರ್. ಅಂದರೆ ಮೊದಲನೇ ದಿನ ಅಲ್ಲಿ ಆನ್ ಮಾಡಿದ ಕೂಡಲೇ ಪರದೆ ಬಂದಿರಬೇಕು. ರ‍್ಯಾಮ್ ಉಜ್ಜಿದ್ದಕ್ಕೆ ಬಂದದ್ದಲ್ಲ. 'ಇಲ್ಲಿ ಸರಿಯಾಗೇ ಬರ್ತಿದೆ ಮೇಡಂ, ಮನೇಲಿ ಏನೇನು ಜೋಡಿಸಿದೀರಿ?' ಅಂತ ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಹಬ್ಬ ಮುಗಿದ ಮೇಲೆ ಹೋಗಿ ಇದನ್ನೇ ಹೇಳಿದೆ. 'ಟಿವಿ ವೈರ್ ಇದೆ ಅಂತ ನೀವು ಹೇಳ್ಲೇ ಇಲ್ವಲ್ಲ' ಅಂದರು. ಅದೂ ನಿಜವೇ. ಆದರೆ ಎಸ್‌ಎಂಪಿಎಸ್‌ನ 1,900 ಮತ್ತು ವಿಂಡೋಸಿನ 1,200ಕ್ಕೆ ಅದು ಉತ್ತರ ಅಲ್ಲ. ತೆಗೆದ ಹಳೇ ಎಸ್‌ಎಂಪಿಎಸ್ ಕೊಡಿ ಅಂದರೆ, ಗುಜರಿಗೆ ಹೋಯ್ತು ಅಂದರು. ಹಳೇ ಸಾಮಾನನ್ನು ಅವತ್ತೇ ಕೇಳಿ ಇಸ್ಕೊಳ್ಳಿ.

ನಿಮ್ಮ ಮಾನಿಟರ್ ಹೀಗೆ ಕಪ್ಪಾದರೆ, ಯಾವಾಗ ಕಪ್ಪಾಯಿತು ಅಂತ ಮೊದಲು ನೋಡಿಕೊಳ್ಳಿ. ಲೋಗೋ ಕಂಡಿದೆ ಅಂದರೆ ಮಾನಿಟರ್, ವೈರ್, ರ‍್ಯಾಮ್ ಎಲ್ಲ ಹೆಚ್ಚುಕಮ್ಮಿ ಕೆಲಸ ಮಾಡುತ್ತಿವೆ. ಪರದೆ ಕಪ್ಪಾದ ಮೇಲೆ ಕೀಬೋರ್ಡಿನ ಕ್ಯಾಪ್ಸ್ ಲಾಕ್ ಒತ್ತಿ. ದೀಪ ಹತ್ತಿ ಆರಿದರೆ ಒಳಗೆ ಕಂಪ್ಯೂಟರ್ ಬದುಕಿದೆ, ಮುಖ ಮಾತ್ರ ಬೇರೆ ಕಡೆ ತಿರುಗಿದೆ. ಮಾನಿಟರಿನದು ಬಿಟ್ಟು ಟಿವಿ, ಪ್ರೊಜೆಕ್ಟರ್ ಯಾವುದರ ವೈರ್ ಇದ್ದರೂ ಕಿತ್ತು ಮತ್ತೆ ಆನ್ ಮಾಡಿ. ನನ್ನ ಕೇಸು ಅಲ್ಲಿಗೇ ಮುಗಿಯುತ್ತಿತ್ತು. ಬರಲಿಲ್ಲವಾ, ವಿಂಡೋಸ್, ಕಂಟ್ರೋಲ್, ಶಿಫ್ಟ್ ಮೂರನ್ನೂ ಹಿಡಿದು ಬಿ ಒತ್ತಿ. ಡಿಸ್‌ಪ್ಲೇ ಡ್ರೈವರ್ ಮತ್ತೆ ಶುರುವಾಗುತ್ತದೆ. ಅದಕ್ಕೂ ಬಗ್ಗದಿದ್ದರೆ ಸೇಫ್ ಮೋಡ್. ಚುಕ್ಕಿ ತಿರುಗುವಾಗ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಬೇಕು. ಹೀಗೆ ಎರಡು ಮೂರು ಸಲ ಮಾಡಿದರೆ ವಿಂಡೋಸ್ ತಾನಾಗಿಯೇ ರಿಪೇರಿ ಪುಟ ತೋರಿಸುತ್ತದೆ. ಅಲ್ಲಿ ಸ್ಟಾರ್ಟಪ್ ಸೆಟ್ಟಿಂಗ್ಸ್‌ಗೆ ಹೋಗಿ, ರೀಸ್ಟಾರ್ಟ್ ಕೊಟ್ಟ ಮೇಲೆ 4 ಒತ್ತಿದರೆ ಸೇಫ್ ಮೋಡ್. ಅದರಲ್ಲಿ ವಿಂಡೋಸಿನ ಸಾದಾ ಡ್ರೈವರ್ ಮಾತ್ರ ಓಡುತ್ತದೆ. ಪರದೆ ಬಂದರೆ ತೊಂದರೆ ಡ್ರೈವರಿನದು ಅಂತ ಲೆಕ್ಕ. ಹೊಸ ಲ್ಯಾಪ್‌ಟಾಪ್ ಆದರೆ ಇಲ್ಲಿ 48 ಅಂಕಿಯ ಬಿಟ್‌ಲಾಕರ್ ಕೀ (ಡಿಸ್ಕಿಗೆ ವಿಂಡೋಸ್ ಹಾಕಿದ ಬೀಗದ ಕೈ) ಕೇಳಬಹುದು. ಅದು ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನಲ್ಲಿರುತ್ತದೆ, ಮೊದಲೇ ಹುಡುಕಿ ಬರೆದಿಟ್ಟುಕೊಳ್ಳಿ.

ಲೋಗೋನೇ ಬರದಿದ್ದರೆ ಅದು ಬೇರೆ ಕಾಯಿಲೆ. ಆಗ ರ‍್ಯಾಮ್, ವೈರ್ ನೋಡುವುದು ನ್ಯಾಯ. ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ವೈರನ್ನು ಬೋರ್ಡಿನ ಕಿಂಡಿಗೆ ಸಿಕ್ಕಿಸಿದ್ದೀರಾ, ಕಾರ್ಡಿನ ಕಿಂಡಿಗಾ ಅಂತಲೂ ನೋಡಿ. ಚಿತ್ರ ಎರಡು ಸೆಕೆಂಡ್ ಬಂದು ಆರುತ್ತಾ? ಕೋಣೆ ಕತ್ತಲು ಮಾಡಿ ಪರದೆಗೆ ಓರೆಯಾಗಿ ಟಾರ್ಚ್ ಬಿಡಿ. ಮಸುಕಾಗಿ ಚಿತ್ರ ಕಂಡರೆ ಹೋಗಿರುವುದು ಮಾನಿಟರಿನ ಹಿಂದಿನ ಬೆಳಕು, ಸಿಪಿಯುವನ್ನು ಮುಟ್ಟುವುದೇ ಬೇಡ.

ಅಂಗಡಿಗೆ ಒಯ್ಯಲೇಬೇಕಾದರೆ ರಸೀದಿಯ ಮೇಲೆ 'ಕೇಳದೆ ಫಾರ್ಮ್ಯಾಟ್ ಮಾಡಬಾರದು' ಅಂತ ಬರೆಸಿ. ಎದುರಿಗೇ ಒಂದು ಸಲ ಆನ್ ಮಾಡಿಸಿ ನೋಡಿ. ಅಲ್ಲಿ ಪರದೆ ಬಂದರೆ ದುಡ್ಡು ಕೊಡದೆ ವಾಪಸ್ ಬನ್ನಿ, ತೊಂದರೆ ಹೆಚ್ಚಾಗಿ ನಿಮ್ಮ ಮನೆಯ ವೈರುಗಳಲ್ಲೋ ಮಾನಿಟರಿನಲ್ಲೋ ಇರುತ್ತದೆ.

ಮೇಷ್ಟ್ರ ಪುಸ್ತಕ ಈಗ 113ನೇ ಪುಟದಲ್ಲಿದೆ. ಈ ಸಲ ಅವರು ಬರುವಾಗ ಪೆನ್‌ಡ್ರೈವ್ ಹಿಡಿದುಕೊಂಡೇ ಬರುತ್ತಾರೆ. ಏಳುವ ಮೊದಲು ನನ್ನ ಕಡೆ ಕೈ ಚಾಚುತ್ತಾರೆ, ನಾನು ತುಂಬಿಸಿ ಕೊಡುತ್ತೇನೆ.