‘ಆಜೀವ ಆರೈಕೆ’ ಎಂಬ ಬೋರ್ಡು ನೋಡಿ ಮುಂಗಡ ಕೊಡಬೇಡಿ

ಡೊಂಬಿವಲಿಯ ಕನ್ನಡ ಕುಟುಂಬವೊಂದು ಆಟಿಸಂ ಇರುವ 27 ವರ್ಷದ ಮಗನನ್ನು ಪುಣೆಯ ಹೊರವಲಯದ ವಸತಿ ಕೇಂದ್ರವೊಂದಕ್ಕೆ ಸೇರಿಸಿತ್ತು. ಮುಂಗಡ 3 ಲಕ್ಷ, ತಿಂಗಳಿಗೆ 22 ಸಾವಿರ. ಎರಡು ತಿಂಗಳು ತುಂಬುವ ಮೊದಲೇ ಫೋನ್ ಬಂತು: ‘ನಿಮ್ಮ ಹುಡುಗ ಕೈ ಮಾಡ್ತಾನೆ, ಬಂದು ಕರ್ಕೊಂಡು ಹೋಗಿ.’ ಹೋಗಿ ನೋಡಿದರೆ ಹುಡುಗ ಅರೆನಿದ್ದೆಯಲ್ಲಿದ್ದ, ಕಾಲೆಳೆದು ನಡೆಯುತ್ತಿದ್ದ, ಹೊಟ್ಟೆ ಉಬ್ಬಿ ಗಟ್ಟಿಯಾಗಿತ್ತು. ಮುಂಗಡ ವಾಪಸ್ ಕೇಳಿದರೆ ಒಂದೇ ಉತ್ತರ: ‘ಅದು ದೇಣಿಗೆ, ರಶೀದಿ ನೋಡಿ.’

ಮುಂಬಯಿ, ಪುಣೆಗಳಲ್ಲಿ ಮೂರು ವರ್ಷದ ಮಗುವಿಗೆ ಸ್ಪೀಚ್ ಥೆರಪಿ, ಓಟಿ (ದಿನನಿತ್ಯದ ಕೆಲಸ ಕಲಿಸುವ ಆಕ್ಯುಪೇಷನಲ್ ಥೆರಪಿ) ಹುಡುಕಿದರೆ ಸಿಗುತ್ತದೆ. 18 ದಾಟಿ ವಿಶೇಷ ಶಾಲೆ ಬಿಟ್ಟ ಮೇಲೆ ಉಳಿಯುವುದು ಬೆರಳೆಣಿಕೆಯ ವೃತ್ತಿ ತರಬೇತಿ ಕೇಂದ್ರಗಳು. ಅಲ್ಲೂ ಹೇಳಿದಲ್ಲಿ ಕೂರುವ, ಕೂಗಾಡದ ಹುಡುಗರಿಗೇ ಮೊದಲ ಮಣೆ. ಮಿಕ್ಕವರ ಅಪ್ಪ ಅಮ್ಮ ಅಷ್ಟರಲ್ಲಿ ಮುದುಕರಾಗಿರುತ್ತಾರೆ. ‘ಒಂದೇ ಸೀಟ್ ಖಾಲಿ ಇದೆ, ನಾಳೆಯೊಳಗೆ ಹೇಳಿ’ ಎಂದರೆ ಸಹಿ ಹಾಕಿಬಿಡುತ್ತಾರೆ. ಕೇಂದ್ರದವರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು.

ಮೊದಲು ದುಡ್ಡಿನ ವಿಷಯ. ಮುಂಗಡವನ್ನು ಬಾಯಲ್ಲಿ ‘ಡಿಪಾಸಿಟ್’ ಎನ್ನುತ್ತಾರೆ, ರಶೀದಿಯಲ್ಲಿ ‘ಕಾರ್ಪಸ್ ದೇಣಿಗೆ’, ಅಂದರೆ ಟ್ರಸ್ಟಿನ ಮೂಲನಿಧಿಗೆ ಕೊಟ್ಟ ದಾನ, ಎಂದು ಬರೆಯುತ್ತಾರೆ. ಜೊತೆಗೆ ದೇಣಿಗೆಗೆ ತೆರಿಗೆ ವಿನಾಯಿತಿ ಕೊಡುವ 80ಜಿ ಆಸೆ ತೋರಿಸುತ್ತಾರೆ, ‘ಟ್ಯಾಕ್ಸ್ ಉಳಿಯುತ್ತೆ’ ಅಂತ. ನೀವು ಆ ರಶೀದಿ ಇಟ್ಟುಕೊಂಡು ರಿಟರ್ನ್‌ನಲ್ಲಿ ವಿನಾಯಿತಿ ಪಡೆದರೆ, ಅದು ದೇಣಿಗೆಯೇ ಎಂದು ನೀವೇ ಬರೆದುಕೊಟ್ಟ ಹಾಗೆ. ಆಮೇಲೆ ವಾಪಸ್ ಕೇಳಲು ದಾರಿ ಕಷ್ಟ. ಹಣವನ್ನು ಬ್ಯಾಂಕ್ ಮೂಲಕವೇ ಕಳಿಸಿ. ರಿಮಾರ್ಕ್ಸ್ ಜಾಗದಲ್ಲಿ ‘ರಿಫಂಡಬಲ್ ಡಿಪಾಸಿಟ್’ ಎಂದು ಹಾಕಿ. ಅದೇ ದಿನ ಅದೇ ಮಾತನ್ನು ಇಮೇಲ್‌ನಲ್ಲಿ ಬರೆಯಿರಿ. ಕೇಂದ್ರ ಆಕ್ಷೇಪಿಸಿದರೆ ಅಲ್ಲಿಗೇ ಗೊತ್ತಾಯಿತು. ಒಪ್ಪಂದದಲ್ಲಿ ಎರಡೂ ಕಡೆಗೆ ಒಂದು ತಿಂಗಳ ನೋಟಿಸ್, ಡಿಪಾಸಿಟ್ ಮರಳಿಸುವ ಗಡುವು, ಡಯಾಪರ್, ಔಷಧಿ, ಆಂಬ್ಯುಲೆನ್ಸ್ ಯಾರ ಲೆಕ್ಕ ಎಂಬುದು ಇರಲೇಬೇಕು. ಮನೆಯನ್ನೋ ಎಫ್‌ಡಿಯನ್ನೋ ಟ್ರಸ್ಟಿನ ಹೆಸರಿಗೆ ವಿಲ್ ಮಾಡಿ ಎಂದರೆ ಎದ್ದು ಬನ್ನಿ.

ಪರವಾನಗಿ ಎಲ್ಲಿ ಎಂದು ಕೇಳಿದಾಗ ಮೂರು ಕಾಗದ ಮುಂದಿಡುತ್ತಾರೆ: 1950ರ ಮಹಾರಾಷ್ಟ್ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯ ನೋಂದಣಿ, 80ಜಿ, ನೀತಿ ಆಯೋಗದ ದರ್ಪಣ್ (ಸ್ವಯಂಸೇವಾ ಸಂಸ್ಥೆಗಳ ಪೋರ್ಟಲ್) ನಂಬರ್. ಮೂರೂ ನಿಜವಾದ ಕಾಗದಗಳೇ, ಆದರೆ ಒಂದಕ್ಕೂ ಅಂಗವಿಕಲರನ್ನು ಇರಿಸಿಕೊಳ್ಳುವ ಅನುಮತಿಗೂ ಸಂಬಂಧವಿಲ್ಲ. ಕೇಳಬೇಕಾದದ್ದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 50ನೇ ಕಲಮಿನ ನೋಂದಣಿ ಪ್ರಮಾಣಪತ್ರ. ಅದರಲ್ಲಿನ ವಿಳಾಸ ನೀವು ನಿಂತಿರುವ ಕಟ್ಟಡದ್ದೇ, ಅವಧಿ ಮುಗಿದಿಲ್ಲವೇ, ಎಷ್ಟು ಮಂದಿಗೆ ಕೊಟ್ಟದ್ದು ನೋಡಿ, ಒಳಗಿನ ಹಾಸಿಗೆ ಎಣಿಸಿ. ಸಂಶಯ ಬಂದರೆ ಪುಣೆಯ ದಿವ್ಯಾಂಗ ಕಲ್ಯಾಣ ಆಯುಕ್ತಾಲಯದಲ್ಲಿ ವಿಚಾರಿಸಿ. ಟ್ರಸ್ಟಿಗಳು ಯಾರೆಂದು ತಿಳಿಯಲು ಚ್ಯಾರಿಟಿ ಕಮಿಷನರ್ ಕಚೇರಿಯಿಂದ ಷೆಡ್ಯೂಲ್-1 ನಕಲು ತೆಗೆಸಬಹುದು. ಎಲ್ಲರದ್ದೂ ಒಂದೇ ಅಡ್ಡಹೆಸರಾದರೆ, ಆ ಮನೆಯವರು ಬೇಡವೆಂದ ದಿನ ಕೇಂದ್ರ ಮುಚ್ಚಿತು ಎಂದೇ ಅರ್ಥ.

ಇನ್ನು ಕೆಲವು ಕಡೆ ‘ಪುನರ್ವಸತಿ ಕೇಂದ್ರ’ ಎಂಬ ಹೆಸರಿನಲ್ಲಿ ಕುಡಿತ ಬಿಡಿಸುವವರ ಜೊತೆಗೇ ನಮ್ಮ ಮಕ್ಕಳನ್ನೂ ಹಾಕುತ್ತಾರೆ. ಮಾತು ಬಾರದವನನ್ನು ಅಲ್ಲಿ ಬಿಡುವ ಪ್ರಶ್ನೆಯೇ ಇಲ್ಲ. ಅಂಥದ್ದು 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ನೋಂದಾಯಿಸಿದ್ದರೂ ಸರಪಳಿ ಹಾಕುವುದು ಸಂಪೂರ್ಣ ನಿಷಿದ್ಧ. ಕಟ್ಟಿಹಾಕಲೇಬೇಕಾಗಿ ಬಂದರೆ ಮನೋವೈದ್ಯರ ಅನುಮತಿ, ದಾಖಲೆ ಬೇಕು, 24 ಗಂಟೆಯೊಳಗೆ ರೋಗಿಯ ಪ್ರತಿನಿಧಿಗೆ ತಿಳಿಸಬೇಕು.

ಕೇಂದ್ರ ನೋಡಲು ಅವರು ಕರೆದ ದಿನ ಹೋಗಬೇಡಿ. ಭಾನುವಾರ ಮಧ್ಯಾಹ್ನ, ಹೇಳದೆ ಹೋಗಿ. ಟ್ರಸ್ಟಿಯ ಮಾತಿಗಿಂತ ಔಷಧಿ ರಿಜಿಸ್ಟರ್ ಹೆಚ್ಚು ಹೇಳುತ್ತದೆ. ಡೊಂಬಿವಲಿಯವರು ಕೊನೆಗೆ ನೋಡಿದ ರಿಜಿಸ್ಟರಿನಲ್ಲಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿಯ ಕಾಲಂಗಳಿಗೆ ಒಂದೇ ನೀಲಿ ಪೆನ್ನು, ಒಂದೇ ಓರೆಯ ಟಿಕ್. ಮುಂದಿನ ಗುರುವಾರದವರೆಗೂ ಮೊದಲೇ ತುಂಬಿಟ್ಟಿದ್ದರು. ಬಚ್ಚಲಿನ ಚಿಲಕ ಹೊರಗಿದೆಯೋ ಒಳಗೋ ನೋಡಿ. ರಾತ್ರಿ ಎಷ್ಟು ಮಂದಿ ಎಚ್ಚರವಿರುತ್ತಾರೆ ಎಂದು ಮ್ಯಾನೇಜರನ್ನಲ್ಲ, ಮಾವಶಿಯನ್ನು (ಆರೈಕೆಯ ಆಯಾ) ಕೇಳಿ. ‘ಇಬ್ಬರು ಮಲಗಿರ್ತಾರೆ’ ಎಂದರೆ ಎಚ್ಚರವಿರುವವರು ಯಾರೂ ಇಲ್ಲ ಅಂತ.

ಈ ಹುಡುಗನ ವಿಷಯದಲ್ಲಿ ಏನು ಕೆಟ್ಟಿತು ಎಂಬುದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಇದೇ ಸರಣಿ ಎಲ್ಲ ಕಡೆ ನಡೆಯುತ್ತದೆ. ಮೊದಲ ದಿನವೇ ಬಿಟ್ಟು ಬಂದರು. ‘ಒಂದು ತಿಂಗಳು ಬರಬೇಡಿ, ಸೆಟ್ ಆಗ್ಲಿ’ ಎಂದು ಕೇಂದ್ರವೇ ಹೇಳಿತ್ತು. ಹೊಸ ಜಾಗ, ಹಾಲ್‌ನಲ್ಲಿ ಇಡೀ ದಿನ ಟಿವಿ, ನಸುಕಿನಲ್ಲಿ ತಣ್ಣೀರ ಸ್ನಾನ, ಮರಾಠಿ ಮಾತ್ರ ಬರುವ ಆರೈಕೆಯವರು. ನಿದ್ದೆ ಕೆಟ್ಟಿತು. ನಿದ್ದೆಗೆಟ್ಟವನು ಮೂರನೇ ದಿನ ಕೈ ಎತ್ತಿದ. ಹುಡುಗನನ್ನು ನೋಡದೆ ಫೋನಿನಲ್ಲೇ ಡಾಕ್ಟರು ಉದ್ರೇಕ ತಗ್ಗಿಸುವ ಹ್ಯಾಲೊಪೆರಿಡಾಲ್ ಮಾತ್ರೆ ಹೆಚ್ಚಿಸಿದರು, ಅದರ ಅಡ್ಡಪರಿಣಾಮಕ್ಕೆ ಟ್ರೈಹೆಕ್ಸಿಫೆನಿಡಿಲ್ ಸೇರಿಸಿದರು. ಆ ಎರಡನೇ ಮಾತ್ರೆ ಮಲಬದ್ಧತೆ ತರುತ್ತದೆ. ಹೊಟ್ಟೆನೋವು ಎಂದು ಹೇಳಲು ಬಾರದವನು ಮತ್ತೆ ಹೊಡೆದ. ಡೋಸ್ ಮತ್ತೆ ಏರಿತು. ಇದಕ್ಕೆ ‘ವೈಲೆಂಟ್ ಕೇಸ್’ ಎಂದು ಹೆಸರಿಟ್ಟರು. ಹೊಡೆತ ಇದ್ದಕ್ಕಿದ್ದಂತೆ ಹೆಚ್ಚಿದರೆ ಹಲ್ಲು, ಕಿವಿ, ಹೊಟ್ಟೆ ಮೊದಲು ನೋಡಬೇಕು, ಮಾತ್ರೆ ಆಮೇಲೆ. ಇಷ್ಟು ಗೊತ್ತಿಲ್ಲದ ಕೇಂದ್ರಕ್ಕೆ ಆಟಿಸಂ ಎಂಬ ಬೋರ್ಡು ಯಾಕೆ?

ಆದ್ದರಿಂದ ಸೇರಿಸುವುದನ್ನು ಎರಡು ಮೂರು ತಿಂಗಳಿಗೆ ಹರಡಿ. ಮೊದಲು ಎರಡು ಗಂಟೆ, ಆಮೇಲೆ ಒಂದು ಹಗಲು, ಒಂದು ರಾತ್ರಿ, ಎರಡು ರಾತ್ರಿ, ಒಂದು ವಾರ, ನಡುನಡುವೆ ಮನೆ. ಒಂದು ಮೆಟ್ಟಿಲಲ್ಲಿ ನಿದ್ದೆ ಕೆಟ್ಟರೆ ಹಿಂದಿನದಕ್ಕೆ ಇಳಿಯಿರಿ. ಇದಕ್ಕೆ ಒಪ್ಪದ ಕೇಂದ್ರ ಬೇಡ. ಹಾಸಿಗೆಯ ಹಳೆಯ ಚಾದರ, ಅದೇ ಸೋಪು, ಅದೇ ತಟ್ಟೆ ಕಳಿಸಿ.

ಗೋಡೆಗೆ ಅಂಟಿಸಲು ಒಂದೇ ಪುಟದ ಹಾಳೆ ಮರಾಠಿಯಲ್ಲಿ ಬರೆಸಿ: ನೋವಾದರೆ ಏನು ಮಾಡುತ್ತಾನೆ, ಯಾವ ಸದ್ದು ಆಗದು, ಕಕ್ಕಸಿಗೆ ಹೇಗೆ ಸನ್ನೆ ಮಾಡುತ್ತಾನೆ, ಮೊಸರನ್ನಕ್ಕೆ ಒಗ್ಗರಣೆ ಬಿದ್ದರೆ ಮುಟ್ಟುವುದಿಲ್ಲ, ಇಂಥವೆಲ್ಲ. ಅವನು ಮನೆಯಲ್ಲಿ ಕೇಳಿ ಬೆಳೆದ ‘ಸಾಕು’, ‘ಬಾ’, ‘ನೀರು’, ‘ಆಮೇಲೆ’ಯಂಥ ಮಾತುಗಳನ್ನು ದೇವನಾಗರಿಯಲ್ಲೇ ಬರೆದು ಕೊಡಿ. ಮಾತ್ರೆಯ ಹೆಸರು, ಮಿಲಿಗ್ರಾಂ, ಹೊತ್ತು ಬೇರೆ ಹಾಳೆಯಲ್ಲಿರಲಿ. ಫಿಟ್ಸ್ ಇದ್ದವನಿಗೆ ಅದನ್ನು ತಡೆಯುವ ವಾಲ್ಪ್ರೊಯೇಟ್ ಮಾತ್ರೆ ತಪ್ಪಿಸಿದರೆ ಅಪಾಯ ಎಂದೂ, ಫಿಟ್ಸ್ 5 ನಿಮಿಷ ದಾಟಿದರೆ ಆಸ್ಪತ್ರೆಗೆ ಎಂದೂ ದಪ್ಪ ಅಕ್ಷರದಲ್ಲಿರಲಿ. ಡಾಕ್ಟರು ಬರೆದ ಚೀಟಿ ಮತ್ತು ನಿಮಗೊಂದು ಫೋನ್ ಇಲ್ಲದೆ ಡೋಸ್ ಬದಲಿಸಕೂಡದು ಎಂಬುದು ಒಪ್ಪಂದದಲ್ಲೇ ಬರಲಿ. ತಿಂಗಳಿಗೊಮ್ಮೆ ತೂಕ, ರಿಜಿಸ್ಟರಿನ ಫೋಟೋ ವಾಟ್ಸಾಪಿಗೆ ಬರಬೇಕು.

ಗಾರ್ಡಿಯನ್‌ಶಿಪ್ ಅನ್ನು, ಅಂದರೆ ಮಗನ ಕಾನೂನುಬದ್ಧ ಪೋಷಕರಾಗಿ ನೇಮಕವಾಗುವುದನ್ನು, ಮುಂದೂಡಬೇಡಿ. 18 ತುಂಬಿದ ಮೇಲೆ ಅಪ್ಪ ಅಮ್ಮ ತಾನಾಗಿಯೇ ಕಾನೂನುಬದ್ಧ ಗಾರ್ಡಿಯನ್ ಆಗಿ ಉಳಿಯುವುದಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಕಲೆಕ್ಟರ್ ಆಫೀಸಿನ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಬೇಕು. ಡೊಂಬಿವಲಿಯವರಿಗೆ ಅದು ಠಾಣೆ. ನೇಮಕವಾದ ಆರು ತಿಂಗಳೊಳಗೆ ಅವನ ಆಸ್ತಿಯ ಪಟ್ಟಿ, ಆಮೇಲೆ ಪ್ರತಿ ಆರ್ಥಿಕ ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕ ಕೊಡಬೇಕು. ಇದನ್ನು ಬಹಳ ಜನ ಮರೆಯುತ್ತಾರೆ. ನೋಂದಾಯಿತ ಸಂಸ್ಥೆಯೂ ನಿಮ್ಮ ಒಪ್ಪಿಗೆಯಿಂದ ಗಾರ್ಡಿಯನ್ ಆಗಲು ಅರ್ಜಿ ಹಾಕಬಹುದು. ಹಾಗಾಗಿ ಸೇರಿಸುವಾಗ ಮುಂದಿಡುವ ಕಾಗದಗಳ ಕಟ್ಟಿನಲ್ಲಿ ಖಾಲಿ ಒಪ್ಪಿಗೆ ಪತ್ರ ಇದೆಯೇ ಎಂದು ಹಾಳೆ ಹಾಳೆ ತಿರುವಿ.

ಮೋಸ ಆಗಿಯೇ ಹೋಗಿದ್ದರೆ: ಹಣ ಪಡೆದು ಕೊಟ್ಟ ಸೇವೆಯಾದ್ದರಿಂದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಹಾಕಬೇಕು. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ನಂಬರ್ ಪಡೆಯಿರಿ. ಹೊಡೆತ, ಕಟ್ಟಿಹಾಕಿದ್ದು ಇದ್ದರೆ 2016ರ ಕಾಯ್ದೆಯ 7ನೇ ಕಲಮಿನಂತೆ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ, 92ನೇ ಕಲಮಿನಂತೆ ಪೊಲೀಸರಿಗೆ ಬರೆದು ಕೊಡಿ. ಕರೆತಂದ ದಿನವೇ ಸರ್ಕಾರಿ ಆಸ್ಪತ್ರೆಯಲ್ಲಿ ತೂಕ, ಗಾಯ, ಹೊಟ್ಟೆಯ ಸ್ಥಿತಿ ಬರೆಸಿ. ಕೇಂದ್ರ ಕೊಟ್ಟ ಮಾತ್ರೆಯ ಸ್ಟ್ರಿಪ್‌ಗಳನ್ನು ಎಸೆಯಬೇಡಿ. ಕೋಪದಲ್ಲಿ ಆ ಮಾತ್ರೆಗಳನ್ನು ಒಮ್ಮೆಲೇ ನಿಲ್ಲಿಸಲೂ ಬೇಡಿ, ಡಾಕ್ಟರ ಬಳಿ ಹಂತಹಂತವಾಗಿ ಇಳಿಸಿ.