ಥಿನ್ನರ್ ಕೆಲಸಕ್ಕೆ ತೆಳು ಗ್ಲೌಸ್ ಕೊಟ್ಟರೆ ಒಪ್ಪಿಕೊಳ್ಳಬೇಡಿ

ಥಿನ್ನರ್, ಅಸಿಟೋನ್, ಡಿಗ್ರೀಸರ್ ಥರದ ದ್ರಾವಕಗಳನ್ನು (ಬಣ್ಣ, ಗ್ರೀಸ್ ಕರಗಿಸುವ ದ್ರವಗಳನ್ನು) ಮುಟ್ಟಿ ಕೆಲಸ ಮಾಡುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ಕೈಗೆ ಆದದ್ದು ಇನ್ನೊಬ್ಬರಿಗೆ ಆಗೋದು ಬೇಡ.

ಸ್ಪ್ರೇ ಗನ್ ಬಿಚ್ಚಿ ಅದರ ಭಾಗಗಳನ್ನು ಥಿನ್ನರ್‌ನಲ್ಲಿ ತೊಳೆಯುವುದು ನನ್ನ ಕೆಲಸವಾಗಿತ್ತು. ಸ್ಟೋರ್‌ನಿಂದ ಕೊಡುತ್ತಿದ್ದದ್ದು ತೆಳು ಲೇಟೆಕ್ಸ್ ಗ್ಲೌಸ್. ಆಸ್ಪತ್ರೆಯಲ್ಲಿ ಹಾಕಿಕೊಳ್ಳುತ್ತಾರಲ್ಲ, ಅದೇ. ಬೇರೆ ಕೊಡಿ ಅಂತ ಕೇಳಿದರೆ, ಎಲ್ಲರೂ ಇದನ್ನೇ ಹಾಕ್ಕೊಳ್ಳೋದು ಅನ್ನುತ್ತಿದ್ದರು. ಕೆಲಸ ಶುರುವಾದ ಸ್ವಲ್ಪ ಹೊತ್ತಿಗೇ ಬೆರಳ ತುದಿಯಲ್ಲಿ ರಬ್ಬರ್ ಉಬ್ಬಿ, ಸುಕ್ಕಾಗಿ, ಅಂಟಂಟಾಗುತ್ತಿತ್ತು. ಒಳಗೆಲ್ಲ ತಣ್ಣಗೆ ಒದ್ದೆ. ಬೆವರು ಅಂದುಕೊಂಡಿದ್ದೆವು, ಅದು ಥಿನ್ನರ್. ಬರಿಗೈ ಮೇಲೆ ಬಿದ್ದರೆ ಬೇಗ ಆರಿಹೋಗುತ್ತದೆ. ಗ್ಲೌಸ್ ಒಳಗೆ ಸೇರಿಕೊಂಡರೆ ಆರಲು ದಾರಿಯೇ ಇಲ್ಲ, ಚರ್ಮಕ್ಕೆ ಒತ್ತಿಕೊಂಡೇ ಇರುತ್ತದೆ. ಬರಬರುತ್ತಾ ಚರ್ಮ ಬೆಳ್ಳಗಾಗಿ, ಒಣಗಿ, ಬೆರಳಿನ ಗೆಣ್ಣುಗಳಲ್ಲಿ ಸೀಳು ಬಿಟ್ಟು ರಕ್ತ ಬಂತು. ಡಾಕ್ಟರ್ ಹೇಳಿದ್ದು ಕಾಂಟ್ಯಾಕ್ಟ್ ಡರ್ಮಟೈಟಿಸ್, ಅಂದರೆ ಏನಾದರೂ ತಾಗಿ ಆಗುವ ಚರ್ಮದ ಉರಿಯೂತ. ಈಗಲೂ ಸೋಪು ತಾಗಿದರೆ ಉರಿಯುತ್ತದೆ.

ತೂತಿಲ್ಲದ ಗ್ಲೌಸ್ ಕೈ ಕಾಪಾಡುತ್ತದೆ ಅನ್ನುವ ನಂಬಿಕೆಯೇ ಅಪಾಯ. ದ್ರಾವಕ ರಬ್ಬರಿನೊಳಕ್ಕೆ ಇಳಿದು ಇನ್ನೊಂದು ಬದಿಗೆ ಬರುತ್ತದೆ. ಗಾಳಿ ಊದಿ ನೋಡಿದರೂ ಗೊತ್ತಾಗುವುದಿಲ್ಲ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ರಸಾಯನಶಾಸ್ತ್ರದ ಪ್ರೊಫೆಸರ್ ಕ್ಯಾರನ್ ವೆಟರ್‌ಹಾನ್ ಅವರ ಲೇಟೆಕ್ಸ್ ಗ್ಲೌಸ್ ಮೇಲೆ 1996ರ ಆಗಸ್ಟ್‌ನಲ್ಲಿ ಡೈಮೀಥೈಲ್ ಮರ್ಕ್ಯುರಿ ಎಂಬ ಪಾದರಸದ ಭಾರಿ ವಿಷದ ಕೆಲವೇ ಹನಿ ಬಿದ್ದವು. 1997ರ ಜೂನ್‌ನಲ್ಲಿ ಅವರು ತೀರಿಕೊಂಡರು. ಆಮೇಲೆ ಪರೀಕ್ಷೆ ಮಾಡಿದಾಗ ಆ ವಿಷ ಅಂಥ ಗ್ಲೌಸ್ ದಾಟಲು 15 ಸೆಕೆಂಡ್ ಕೂಡ ಬೇಕಿಲ್ಲ ಅಂತ ತಿಳಿಯಿತು. ಥಿನ್ನರ್ ಅಷ್ಟು ಘೋರವಲ್ಲ ನಿಜ, ಆದರೆ ಒಳಗೆ ಬರುವ ದಾರಿ ಅದೇ.

ನೀಲಿ ನೈಟ್ರೈಲ್ (ಒಂದು ಬಗೆಯ ಕೃತಕ ರಬ್ಬರ್) ಗ್ಲೌಸ್ ಕೊಟ್ಟರೆ ಸಾಕಲ್ವಾ ಅಂತ ಹಲವರು ಕೇಳುತ್ತಾರೆ. ಎಣ್ಣೆ, ಗ್ರೀಸ್‌ಗೆ ಅದು ಒಳ್ಳೆಯದೇ. ಅಸಿಟೋನ್ ಮಾತ್ರ ತೆಳು ನೈಟ್ರೈಲನ್ನು ಕೆಲವೇ ನಿಮಿಷದಲ್ಲಿ ದಾಟುತ್ತದೆ. ಅಸಿಟೋನ್‌ಗೆ ಬ್ಯುಟೈಲ್ ಅನ್ನುವ ಇನ್ನೊಂದು ಬಗೆಯ ರಬ್ಬರ್‌ನ ಗ್ಲೌಸ್ ಬೇಕು. ಅದೇ ಬ್ಯುಟೈಲ್ ಟಾಲ್ವೀನ್ ಅನ್ನುವ ಇನ್ನೊಂದು ದ್ರಾವಕಕ್ಕೆ ಆಗಿಬರುವುದಿಲ್ಲ. ಥಿನ್ನರ್‌ನಲ್ಲಿ ಸಾಮಾನ್ಯವಾಗಿ ಇಂಥವು ಬೆರೆತೇ ಇರುತ್ತವೆ. ಅದಕ್ಕೇ ಪ್ಲಾಸ್ಟಿಕ್ ಪದರಗಳನ್ನು ಕೂಡಿಸಿ ಮಾಡಿದ ಲ್ಯಾಮಿನೇಟ್ ಗ್ಲೌಸ್ ಒಳಗೆ, ಹರಿಯದಂತೆ ಅದರ ಮೇಲೊಂದು ದಪ್ಪ ಗ್ಲೌಸ್ ಹಾಕುವುದು ಹೆಚ್ಚು ಭದ್ರ. ಡಬ್ಬದ ಜೊತೆ ಬರುವ ಸೇಫ್ಟಿ ಡೇಟಾ ಶೀಟ್‌ನ 8ನೇ ಭಾಗದಲ್ಲಿ ಯಾವ ಗ್ಲೌಸ್ ಅಂತ ಇರಬೇಕು. ಅಲ್ಲಿ ಸುಮ್ನೆ "ಸೂಕ್ತ ಗ್ಲೌಸ್ ಧರಿಸಿ" ಅಂತಿದ್ದರೆ ಬಿಡಬೇಡಿ. ಗ್ಲೌಸ್ ಮಾಡಿದ ಕಂಪನಿಯ ಪಟ್ಟಿಯಲ್ಲಿ ನಿಮ್ಮ ದ್ರಾವಕದ ಎದುರು ಬ್ರೇಕ್‌ಥ್ರೂ ಟೈಮ್ (ದ್ರಾವಕ ಗ್ಲೌಸ್ ದಾಟಿ ಒಳಗೆ ಬರಲು ಹಿಡಿಯುವ ಸಮಯ) ಎಷ್ಟು ನಿಮಿಷ ಅಂತ ನೋಡಿ. ಪ್ಯಾಕೆಟ್ ಮೇಲೆ ಸುತ್ತಿಗೆ ಚಿತ್ರ ಮಾತ್ರ ಇದ್ದರೆ ಅದು ತರಚು, ಕೊಯ್ತಕ್ಕೆ. ರಾಸಾಯನಿಕಕ್ಕಾದರೆ ಫ್ಲಾಸ್ಕ್ ಚಿತ್ರ ಇರುತ್ತದೆ.

ಇನ್ನೊಂದು ಮಾತು. ಲೇತ್, ಡ್ರಿಲ್ಲಿಂಗ್ ಮೆಷಿನ್ ತಿರುಗುತ್ತಿರುವಾಗ ಯಾವ ಗ್ಲೌಸೂ ಬೇಡ. ಸುತ್ತಿಕೊಂಡರೆ ಕೈಯನ್ನೇ ಎಳೆದುಕೊಳ್ಳುತ್ತದೆ.

ಗ್ಲೌಸ್ ಉಬ್ಬಿದರೆ, ಬಣ್ಣ ಬಿಟ್ಟರೆ, ಒಳಗೆ ತಣ್ಣಗಾದರೆ ಕೆಲಸ ಅಲ್ಲೇ ನಿಲ್ಲಿಸಿ, ತೆಗೆದು ಕೈ ತೊಳೆದುಕೊಳ್ಳಿ. ಹೊಸದನ್ನು ಕೇಳುವಾಗ ಬಾಯಿಮಾತು ಸಾಲದು. ದ್ರಾವಕದ ಹೆಸರು, ಬೇಕಾದ ಗ್ಲೌಸ್ ಯಾವುದು ಎರಡನ್ನೂ ಚೀಟಿಯಲ್ಲಿ ಬರೆದುಕೊಡಿ, ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.